ಮುಪ್ಪಿನ ಬಗೆಗಿನ ನೋಟ ಮತ್ತು ಹಿರಿಯ ಕ್ಯಾನ್ಸರ್ ರೋಗಿಗಳ ಆರೋಗ್ಯ

ವಯಸ್ಸಾಗುವುದನ್ನು ಹಿರಿಯರೇ ಹೇಗೆ ಕಾಣುತ್ತಾರೆ, ಮನೆಯವರು ಹೇಗೆ ಕಾಣುತ್ತಾರೆ, ಚಿಕಿತ್ಸೆ ಕೊಡುವ ವೈದ್ಯರು ಹೇಗೆ ಕಾಣುತ್ತಾರೆ ಎಂಬುದು ಕ್ಯಾನ್ಸರ್ ಬಂದಾಗ ಅವರಿಗೆ ಸಿಗುವ ಚಿಕಿತ್ಸೆಯ ಮೇಲೆ, ಆ ಚಿಕಿತ್ಸೆಯನ್ನು ಅವರು ತಾಳಿಕೊಳ್ಳುವ ಬಗೆಯ ಮೇಲೆ, ಮುಂದಿನ ಬದುಕಿನ ಗುಣಮಟ್ಟದ ಮೇಲೆ ಪ್ರಭಾವ ಬೀರುತ್ತದೆ. ಮನಃಶಾಸ್ತ್ರ, ವೃದ್ಧಾಪ್ಯ ವೈದ್ಯಶಾಸ್ತ್ರ ಮತ್ತು ಕ್ಯಾನ್ಸರ್ ಚಿಕಿತ್ಸಾಶಾಸ್ತ್ರ ಮೂರೂ ಸೇರುವ ಈ ಅಧ್ಯಯನ ಕ್ಷೇತ್ರ ಕಳೆದ ಐವತ್ತು ವರ್ಷಗಳಲ್ಲಿ ರೂಪುಗೊಂಡಿತು.

ಕನ್ನಡದ ಮನೆಗಳಲ್ಲಿ ಈ ನೋಟ ಗಾದೆಯ ರೂಪದಲ್ಲೇ ನೆಲೆಸಿದೆ. ‘ಅರವತ್ತಕ್ಕೆ ಅರಳು ಮರಳು’ ಎನ್ನುತ್ತಾರೆ. ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಎಂದು ಹಿರಿಯರೇ ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ. ಆಡುವಾಗ ಹಗುರವಾಗಿ ಕೇಳುವ ಈ ಮಾತು ಕಾಯಿಲೆಯ ಹೊತ್ತಿನಲ್ಲಿ ಭಾರವಾಗುತ್ತದೆ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕಾದರೆ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುತ್ತಾರೆ. ಬೆನ್ನು ನೋವು ತಿಂಗಳುಗಟ್ಟಲೆ ಬಿಡದಿದ್ದರೆ ಅದು ವಾಯು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ. ಮುಟ್ಟು ನಿಂತು ಹತ್ತು ವರ್ಷವಾದ ಅಜ್ಜಿಗೆ ಮತ್ತೆ ರಕ್ತ ಕಾಣಿಸಿದರೆ ಸೊಸೆಯ ಹತ್ತಿರ ಹೇಳಿಕೊಳ್ಳಲೂ ಸಂಕೋಚ. ಇವುಗಳಲ್ಲಿ ಪ್ರತಿಯೊಂದೂ ಬೇರೆ ಸಾಮಾನ್ಯ ಕಾರಣದಿಂದ ಬರಬಹುದು; ಕ್ಯಾನ್ಸರಿನ ಮೊದಲ ಸುಳಿವೂ ಆಗಿರಬಹುದು. ಯಾವುದೆಂದು ತಿಳಿಯಲು ಪರೀಕ್ಷೆಯೊಂದೇ ದಾರಿ. ವಯಸ್ಸಿನ ಮೇಲೆ ಹೊರೆಸಿಬಿಟ್ಟರೆ ಆ ಪರೀಕ್ಷೆ ನಡೆಯುವುದೇ ಇಲ್ಲ.

ಪರಿಕಲ್ಪನೆಯ ಹಿನ್ನೆಲೆ

ಬಣ್ಣ ಅಥವಾ ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡುವಂತೆ ವಯಸ್ಸಿನ ಆಧಾರದ ಮೇಲೂ ಮಾಡುತ್ತಾರೆ ಎಂದು ಗುರುತಿಸಿ, 1969ರಲ್ಲಿ ಅದಕ್ಕೊಂದು ಹೆಸರು ಕೊಟ್ಟವರು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್. ಅವರು ಬಳಸಿದ ‘ಏಜಿಸಂ’ ಎಂಬ ಪದವನ್ನು ಕನ್ನಡದಲ್ಲಿ ವಯೋಭೇದ ಎನ್ನಬಹುದು. ಅಮೆರಿಕದ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯ ಮೊದಲ ನಿರ್ದೇಶಕರಾದ ಬಟ್ಲರ್, ಅಲ್ಲಿನ ಮುದುಕರ ಪಾಡಿನ ಬಗ್ಗೆ ಬರೆದ ಪುಸ್ತಕಕ್ಕೆ 1976ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದರು.

ಹೆಸರು ಸಿಕ್ಕ ಮೇಲೆ ಅಳತೆಗೋಲು ಬೇಕಾಯಿತು. ಫಿಲಡೆಲ್ಫಿಯಾದ ಮನಃಶಾಸ್ತ್ರಜ್ಞ ಪೊವೆಲ್ ಲಾಟನ್ ಹಿರಿಯರ ಮನೋಸ್ಥೈರ್ಯ ಅಳೆಯಲೆಂದು ರೂಪಿಸಿ 1975ರಲ್ಲಿ ಪರಿಷ್ಕರಿಸಿದ ಪ್ರಶ್ನಾವಳಿಯಲ್ಲಿ, ತನ್ನ ಮುಪ್ಪನ್ನು ತಾನು ಹೇಗೆ ಕಾಣುತ್ತೇನೆ ಎಂಬುದಕ್ಕಾಗಿಯೇ ಐದು ಪ್ರಶ್ನೆಗಳಿವೆ. ಕಳೆದ ವರ್ಷದ ಹುರುಪು ಈಗಲೂ ಇದೆಯೇ, ವಯಸ್ಸಾದಂತೆ ತಾನು ಉಪಯೋಗಕ್ಕೆ ಬಾರದವನಾಗುತ್ತಿದ್ದೇನೆ ಅನ್ನಿಸುತ್ತದೆಯೇ ಎಂಬಂಥ ಸರಳ ಪ್ರಶ್ನೆಗಳು. ಐದೇ ನಿಮಿಷದಲ್ಲಿ ಕೇಳಿ ಮುಗಿಸಬಹುದಾದ ಈ ಪ್ರಶ್ನೆಗಳು ಮುಂದಿನ ಎಷ್ಟೋ ಅಧ್ಯಯನಗಳಿಗೆ ಬುನಾದಿಯಾದವು.

ಅವುಗಳಲ್ಲಿ ಹೆಚ್ಚು ಹೆಸರಾದದ್ದು ಒಹಾಯೊ ರಾಜ್ಯದ ಆಕ್ಸ್‌ಫರ್ಡ್ ಎಂಬ ಸಣ್ಣ ಪಟ್ಟಣದಲ್ಲಿ ನಡೆದದ್ದು. 1975ರಲ್ಲಿ ಅಲ್ಲಿನ 50 ವರ್ಷ ದಾಟಿದ ನಿವಾಸಿಗಳನ್ನು ಸಂದರ್ಶಿಸಿದ್ದರು. ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಮತ್ತು ಸಂಗಡಿಗರು ಅವರಲ್ಲಿ 660 ಜನರ ಉತ್ತರಗಳನ್ನು ಮುಂದಿನ ಎರಡು ದಶಕಗಳ ಮರಣ ದಾಖಲೆಗಳ ಜೊತೆ ಹೋಲಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಮ್ಮ ಮುಪ್ಪನ್ನು ಒಳ್ಳೆಯ ಕಣ್ಣಿನಿಂದ ಕಂಡಿದ್ದವರು ಉಳಿದವರಿಗಿಂತ ಸರಾಸರಿ 7.5 ವರ್ಷ ಹೆಚ್ಚು ಬದುಕಿದ್ದರು. ವಯಸ್ಸು, ಲಿಂಗ, ಆರ್ಥಿಕ ಸ್ಥಿತಿ, ಒಂಟಿತನ ಮತ್ತು ಆಗಿನ ಆರೋಗ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಅಂತರ ಉಳಿದಿತ್ತು.

ನೋಟ ದೇಹಕ್ಕಿಳಿಯುವ ದಾರಿಗಳು

ಮನಸ್ಸಿನಲ್ಲಿರುವ ಅಭಿಪ್ರಾಯ ದೇಹವನ್ನು ಹೇಗೆ ಮುಟ್ಟುತ್ತದೆ? ಲೆವಿ 2009ರಲ್ಲಿ ಮುಂದಿಟ್ಟ ಸಿದ್ಧಾಂತದ ಪ್ರಕಾರ ಮಕ್ಕಳು ಕಥೆ, ಮಾತು, ನಡವಳಿಕೆಗಳಿಂದ ಮುದುಕರ ಬಗ್ಗೆ ಒಂದು ಚಿತ್ರವನ್ನು ಕಟ್ಟಿಕೊಳ್ಳುತ್ತಾರೆ. ಆಗ ಅದು ಬೇರೆಯವರ ಚಿತ್ರ. ಐವತ್ತು ಅರವತ್ತು ವರ್ಷಗಳ ನಂತರ ಅದೇ ಚಿತ್ರದೊಳಗೆ ತಾವೇ ಬಂದು ನಿಂತಿರುತ್ತಾರೆ. ಅಲ್ಲಿಂದ ಮುಂದೆ ಅದು ಮೂರು ದಾರಿಗಳಲ್ಲಿ ಕೆಲಸ ಮಾಡುತ್ತದೆ.

ಮೊದಲನೆಯದು ನಡವಳಿಕೆ. ಮುಪ್ಪೆಂದರೆ ಇಳಿಜಾರು ಎಂದು ನಂಬಿದವರು ತಪಾಸಣೆ, ನಡಿಗೆ, ಆಹಾರ, ಮಾತ್ರೆಗಳ ಬಗ್ಗೆ ಕಾಳಜಿ ಕಡಿಮೆ ಮಾಡುತ್ತಾರೆ. ಮುಪ್ಪಿನಿಂದ ಏನನ್ನೂ ನಿರೀಕ್ಷಿಸದವರು ವೈದ್ಯರ ಹತ್ತಿರ ಹೋಗುವುದು ಅಗತ್ಯವೆಂದು ಭಾವಿಸುವುದೂ ಕಡಿಮೆ ಎಂದು ಕ್ಯಾಥರೀನ್ ಸರ್ಕಿಸಿಯನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಕೆನಡಾದ ಮ್ಯಾನಿಟೋಬಾದಲ್ಲಿ 80 ವರ್ಷ ದಾಟಿದವರ ನಡುವೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮ್ಮ ಕಾಯಿಲೆಗೆ ‘ಮುಪ್ಪು’ ಕಾರಣ ಎಂದವರಲ್ಲಿ ಮುಂದಿನ ಎರಡು ವರ್ಷಗಳ ಸಾವಿನ ಪ್ರಮಾಣ ಹೆಚ್ಚಿತ್ತು.

ಎರಡನೆಯದು ಇಚ್ಛೆ. ಲೆವಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅರಿವಿಗೆ ಬಾರದಷ್ಟು ಕ್ಷಣಿಕವಾಗಿ ಪರದೆಯ ಮೇಲೆ ಮುಪ್ಪಿನ ಬಗ್ಗೆ ಕೆಲವರಿಗೆ ಒಳ್ಳೆಯ, ಕೆಲವರಿಗೆ ಕೆಟ್ಟ ಪದಗಳನ್ನು ತೋರಿಸಿದರು. ಬಳಿಕ ಪ್ರಾಣಾಪಾಯದ ಕಾಯಿಲೆ ಬಂದರೆ ಜೀವ ಉಳಿಸುವ ಚಿಕಿತ್ಸೆ ಒಪ್ಪುತ್ತೀರಾ ಎಂದು ಕೇಳಿದರು. ಕೆಟ್ಟ ಪದಗಳನ್ನು ಕಂಡ ಹಿರಿಯರು ಚಿಕಿತ್ಸೆ ಬೇಡ ಎನ್ನುವ ಕಡೆಗೆ ವಾಲಿದರು. ಯುವಕರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಕ್ಯಾನ್ಸರ್ ವಾರ್ಡಿನಲ್ಲಿ ‘ಇನ್ನು ನನಗ್ಯಾಕೆ ಇದೆಲ್ಲ, ಮೊಮ್ಮಕ್ಕಳಿಗೆ ಖರ್ಚು ಮಾಡಿ’ ಎಂದು ಹಿರಿಯರೊಬ್ಬರು ಹೇಳಿದಾಗ, ಆ ಮಾತಿನಲ್ಲಿ ಅವರ ಸ್ವಂತ ತೀರ್ಮಾನ ಎಷ್ಟು, ಅರವತ್ತು ವರ್ಷ ಕೇಳಿಸಿಕೊಂಡ ಮಾತುಗಳ ಪಾಲು ಎಷ್ಟು ಎಂದು ಕೇಳಿಕೊಳ್ಳುವಂತೆ ಈ ಪ್ರಯೋಗ ಮಾಡುತ್ತದೆ.

ಮೂರನೆಯದು ಶರೀರಕ್ರಿಯೆ. ಮುಪ್ಪಿನ ಬಗ್ಗೆ ಹೀನ ಭಾವನೆ ಇರುವವರಲ್ಲಿ ಒತ್ತಡದ ಪ್ರತಿಕ್ರಿಯೆ ಹೆಚ್ಚು. ದೇಹದಲ್ಲಿ ಉರಿಯೂತ ಸೂಚಿಸುವ ಸಿ-ರಿಯಾಕ್ಟಿವ್ ಪ್ರೋಟೀನಿನ ಮಟ್ಟವೂ ಅವರಲ್ಲಿ ಹೆಚ್ಚಿರುತ್ತದೆ ಎಂದು 2018ರ ಅಧ್ಯಯನ ಹೇಳುತ್ತದೆ.

ಎರಡು ಕಳಂಕಗಳು ಸೇರಿದಾಗ

ಕ್ಯಾನ್ಸರ್ ಬಂದ ಹಿರಿಯರ ಮೇಲೆ ಎರಡು ಹೊರೆ ಬೀಳುತ್ತವೆ. ‘ಕ್ಯಾನ್ಸರ್ ಅಂದರೆ ಮುಗಿಯಿತು’ ಎಂಬ ಭಯ ಒಂದು, ‘ವಯಸ್ಸಾಯಿತಲ್ಲ, ಹೇಗೂ ಮುಗಿಯಿತು’ ಎಂಬ ಧೋರಣೆ ಇನ್ನೊಂದು. ಬೆಲ್ಜಿಯಂನ ಲೀಜ್ ವಿಶ್ವವಿದ್ಯಾಲಯದಲ್ಲಿ ಸಾರಾ ಸ್ಕ್ರೋಯೆನ್ ಮತ್ತು ಸಂಗಡಿಗರು ಈ ಇಬ್ಬಗೆಯ ಕಳಂಕವನ್ನೇ ಅಧ್ಯಯನದ ವಿಷಯವಾಗಿ ಆರಿಸಿಕೊಂಡರು. ತಮ್ಮ ಮುಪ್ಪಿನ ಬಗ್ಗೆಯೂ ಕ್ಯಾನ್ಸರಿನ ಬಗ್ಗೆಯೂ ಕೆಟ್ಟ ಭಾವನೆ ಇಟ್ಟುಕೊಂಡ ಹಿರಿಯ ರೋಗಿಗಳ ದೈಹಿಕ ಮತ್ತು ಮಾನಸಿಕ ಆರೋಗ್ಯ ಉಳಿದವರದಕ್ಕಿಂತ ಕೆಳಮಟ್ಟದಲ್ಲಿತ್ತು.

ಅದೇ ತಂಡ ವೈದ್ಯರ ಮಾತಿನ ಧಾಟಿಯನ್ನೂ ಪರೀಕ್ಷಿಸಿತು. ವೈದ್ಯರಿಗೂ ವೈದ್ಯ ವಿದ್ಯಾರ್ಥಿಗಳಿಗೂ ಕಾಲ್ಪನಿಕ ರೋಗಿಗಳಿಬ್ಬರ ವಿವರ ಕೊಟ್ಟು, ಇಬ್ಬರಿಗೂ ಒಂದೇ ಚಿಕಿತ್ಸೆಯನ್ನು ವಿವರಿಸಿ ಧ್ವನಿಮುದ್ರಿಸುವಂತೆ ಕೇಳಿತು. ರೋಗಿಗಳಲ್ಲಿ ಒಬ್ಬರು ನಡುವಯಸ್ಸಿನವರು, ಇನ್ನೊಬ್ಬರು ಹಿರಿಯರು. ಹಿರಿಯರಿಗೆ ಹೇಳುವಾಗ ವಾಕ್ಯಗಳು ಚಿಕ್ಕದಾದವು, ಹೇಳಿದ್ದನ್ನೇ ಮತ್ತೆ ಹೇಳುವುದು ಹೆಚ್ಚಾಯಿತು. ಎದುರಿಗೆ ಕೂತವರಿಗೆ ಕಿವಿ ಮಂದವೋ ಬುದ್ಧಿ ಮಂದವೋ ಎಂದು ತಿಳಿಯುವ ಮೊದಲೇ ಮಾತು ಮಕ್ಕಳ ಮಾತಿನತ್ತ ಜಾರಿತ್ತು.

ಚಿಕಿತ್ಸೆಯಲ್ಲಿ ವಯೋಭೇದ

ಅಮೆರಿಕದಲ್ಲಿ ಕ್ಯಾನ್ಸರ್ ಪತ್ತೆಯಾಗುವವರ ಮಧ್ಯಮ ವಯಸ್ಸು 66ರ ಆಸುಪಾಸಿನಲ್ಲಿದೆ. ಹಾಗಿದ್ದೂ ಔಷಧಗಳನ್ನು ಪರೀಕ್ಷಿಸಿದ್ದು ಹೆಚ್ಚಾಗಿ ಕಿರಿಯರ ಮೇಲೆ. 1993ರಿಂದ 1996ರವರೆಗೆ ಅಲ್ಲಿನ ದೊಡ್ಡ ಸಂಶೋಧನಾ ಜಾಲವೊಂದರ 164 ಪ್ರಯೋಗಗಳಿಗೆ ಸೇರಿದ 16,396 ರೋಗಿಗಳನ್ನು ಲೆಕ್ಕ ಹಾಕಿದಾಗ 65 ದಾಟಿದವರು ಶೇ. 25 ಮಾತ್ರ ಇದ್ದರು. ದೇಶದ ಕ್ಯಾನ್ಸರ್ ರೋಗಿಗಳಲ್ಲಿ ಅವರ ಪಾಲು ಶೇ. 63. ಸ್ತನ ಕ್ಯಾನ್ಸರಿನಲ್ಲಿ ಅಂತರ ಇನ್ನೂ ದೊಡ್ಡದು: ಪ್ರಯೋಗಗಳಲ್ಲಿ ಶೇ. 9, ರೋಗಿಗಳಲ್ಲಿ ಶೇ. 49. ಹಿರಿಯರಿಗೆ ಔಷಧ ಎಷ್ಟು ಒಗ್ಗುತ್ತದೆ ಎಂಬ ಮಾಹಿತಿ ಇಲ್ಲದ್ದರಿಂದ ವೈದ್ಯರು ಅಂದಾಜಿನ ಮೇಲೆ ನಡೆದರು. ಆ ಅಂದಾಜಿನೊಳಗೆ ಮುಪ್ಪಿನ ಬಗೆಗಿನ ನಂಬಿಕೆ ಸುಲಭವಾಗಿ ನುಸುಳಿತು.

ಆ ನಂಬಿಕೆಯನ್ನು ಎರಡು ಅಧ್ಯಯನಗಳು ಬಲವಾಗಿ ಅಲುಗಾಡಿಸಿದವು. ದೊಡ್ಡಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯ ನಂತರ ಕೊಡುವ ಕೀಮೋ ಬಗ್ಗೆ ಏಳು ಪ್ರಯೋಗಗಳ 3,351 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2001ರಲ್ಲಿ ಪ್ರಕಟಿಸಲಾಯಿತು. 70 ದಾಟಿದವರಿಗೂ ಕಿರಿಯರಷ್ಟೇ ಪ್ರಯೋಜನವಾಗಿತ್ತು, ಅಡ್ಡಪರಿಣಾಮ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. 2009ರಲ್ಲಿ ಹೈಮನ್ ಮಸ್ ಮತ್ತು ಸಂಗಡಿಗರು 65 ದಾಟಿದ, ಆರಂಭಿಕ ಹಂತದ ಸ್ತನ ಕ್ಯಾನ್ಸರ್ ಇದ್ದ 633 ಮಹಿಳೆಯರ ಪ್ರಯೋಗವನ್ನು ಪ್ರಕಟಿಸಿದರು. ವಯಸ್ಸಾದವರಿಗೆ ಸಲೀಸೆಂದು ತೋರುವ ಕ್ಯಾಪೆಸಿಟಬೀನ್ ಮಾತ್ರೆ ಒಂದು ಗುಂಪಿಗೆ, ರೂಢಿಯ ಕೀಮೋ ಇನ್ನೊಂದು ಗುಂಪಿಗೆ. ಮಾತ್ರೆ ಪಡೆದವರಲ್ಲಿ ಕಾಯಿಲೆ ಮರುಕಳಿಸುವ ಅಥವಾ ಸಾಯುವ ಅಪಾಯ ಸುಮಾರು ಎರಡು ಪಟ್ಟು ಇತ್ತು. ಕರುಣೆಯಿಂದ ಚಿಕಿತ್ಸೆಯನ್ನು ಹಗುರ ಮಾಡಿದರೆ ಅದರ ಬೆಲೆಯನ್ನು ರೋಗಿಯೇ ತೆರಬೇಕಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ಬ್ರಿಟನ್ನಿನ ಮ್ಯಾಕ್‌ಮಿಲನ್ ಕ್ಯಾನ್ಸರ್ ಸಂಸ್ಥೆ 2012ರಲ್ಲಿ ಹಿರಿಯ ರೋಗಿಗಳಿಗೆ ಸಿಗಬೇಕಾದಷ್ಟು ಚಿಕಿತ್ಸೆ ಸಿಗುತ್ತಿಲ್ಲ ಎಂದು ವರದಿ ಮಾಡಿತು. ಇದು ಒಂದೆರಡು ದೇಶಗಳ ಕಥೆಯಲ್ಲ. ಎಲ್ಲ ಬಗೆಯ ಕಾಯಿಲೆಗಳನ್ನು ಸೇರಿಸಿ 45 ದೇಶಗಳ 422 ಅಧ್ಯಯನಗಳನ್ನು ಯೇಲ್ ತಂಡ 2020ರಲ್ಲಿ ಪರಿಶೀಲಿಸಿತು. ಚಿಕಿತ್ಸೆ ಯಾರಿಗೆ ಎಂಬುದನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಶೇ. 85ರಷ್ಟರಲ್ಲಿ ವಯಸ್ಸೇ ಆ ತೀರ್ಮಾನವನ್ನು ನಿರ್ಧರಿಸಿತ್ತು.

ವಯಸ್ಸಿನ ಬದಲು ಶಕ್ತಿಯ ಅಳತೆ

ಎಲ್ಲ ಹಿರಿಯರಿಗೂ ಪೂರ್ತಿ ಪ್ರಮಾಣದ ಚಿಕಿತ್ಸೆ ಕೊಡಬೇಕೆಂಬುದು ಇದರ ಅರ್ಥವಲ್ಲ. 78 ವರ್ಷದ ಒಬ್ಬರು ಬೆಳಿಗ್ಗೆ ತೋಟಕ್ಕೆ ಹೋಗಿ ಬರುತ್ತಾರೆ. ಅದೇ ವಯಸ್ಸಿನ ಇನ್ನೊಬ್ಬರಿಗೆ ಹಾಸಿಗೆಯಿಂದ ಏಳಲು ಆಸರೆ ಬೇಕು. ಹುಟ್ಟಿದ ವರ್ಷ ಇವರಿಬ್ಬರನ್ನೂ ಒಂದೇ ಸಾಲಿಗೆ ಸೇರಿಸುತ್ತದೆ. ಬೇಕಾದದ್ದು ಇಬ್ಬರನ್ನೂ ಬೇರೆ ಬೇರೆಯಾಗಿ ನೋಡುವ ವಿಧಾನ.

ಆ ವಿಧಾನದ ಬೇರು ಲಂಡನ್ನಿನ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆಯಲ್ಲಿದೆ. 1930ರ ದಶಕದಲ್ಲಿ ಡಾ. ಮಾರ್ಜೊರಿ ವಾರೆನ್, ವಾಸಿಯಾಗುವುದಿಲ್ಲವೆಂದು ಹಾಸಿಗೆಗೆ ಬಿಟ್ಟಿದ್ದ ನೂರಾರು ವೃದ್ಧರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ಎಬ್ಬಿಸಿ, ನಡೆಸಿ, ಎಷ್ಟೋ ಜನರನ್ನು ಮನೆಗೆ ಕಳಿಸಿದರು. ಇಂದು ಸಮಗ್ರ ವೃದ್ಧಾಪ್ಯ ಪರೀಕ್ಷೆ ಎಂದು ಕರೆಯುವ ಕ್ರಮ ಅಲ್ಲಿಂದ ಬೆಳೆಯಿತು. ನಡಿಗೆ, ಬೀಳುವಿಕೆ, ಸ್ನಾನ ಊಟಗಳಂಥ ನಿತ್ಯಕರ್ಮ, ನೆನಪು, ಮನಸ್ಸಿನ ಸ್ಥಿತಿ, ಆಹಾರ, ಸೇವಿಸುತ್ತಿರುವ ಮಾತ್ರೆಗಳು, ಜೊತೆಗಿರುವ ಜನ ಎಲ್ಲವನ್ನೂ ಇದರಲ್ಲಿ ನೋಡುತ್ತಾರೆ.

ಇದರ ಒಂದು ಭಾಗವನ್ನು ಹತ್ತಿರದಿಂದ ನೋಡಬಹುದು. ಹಿರಿಯರನ್ನು ಕೈಯಿರುವ ಕುರ್ಚಿಯ ಮೇಲೆ ಕೂರಿಸುತ್ತಾರೆ. ಮೂರು ಮೀಟರ್ ದೂರದಲ್ಲಿ ನೆಲದ ಮೇಲೊಂದು ಗುರುತು. ‘ಹೋಗಿ’ ಎಂದ ಕೂಡಲೇ ಅವರು ಎದ್ದು, ಗುರುತಿನವರೆಗೆ ಎಂದಿನ ವೇಗದಲ್ಲಿ ನಡೆದು, ತಿರುಗಿ, ಮರಳಿ ಬಂದು ಕೂರಬೇಕು. ಗಡಿಯಾರ ಹಿಡಿದವರು ಸೆಕೆಂಡುಗಳನ್ನು ಎಣಿಸುವುದರ ಜೊತೆಗೆ, ಏಳುವಾಗ ಕೈ ಊರಿದರೇ, ತಿರುಗುವಾಗ ಗೋಡೆ ಹುಡುಕಿದರೇ ಎಂಬುದನ್ನೂ ಗಮನಿಸುತ್ತಾರೆ. 1991ರಿಂದ ಬಳಕೆಯಲ್ಲಿರುವ ಈ ಪರೀಕ್ಷೆಗೆ ಕುರ್ಚಿ, ಗಡಿಯಾರ ಮತ್ತು ಒಂದು ನಿಮಿಷ ಸಾಕು. ತಾಲ್ಲೂಕು ಆಸ್ಪತ್ರೆಯ ಓಣಿಯಲ್ಲೂ ಮಾಡಬಹುದು.

ಕ್ಯಾನ್ಸರ್ ಚಿಕಿತ್ಸೆಗೆ ಈ ಅಳತೆಯನ್ನು ತಂದವರಲ್ಲಿ ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಸಂಸ್ಥೆಯ ಡಾ. ಆರ್ತಿ ಹುರಿಯಾ ಮುಖ್ಯರು. 65 ದಾಟಿದ 500 ರೋಗಿಗಳನ್ನು ಗಮನಿಸಿ, ಕೀಮೋ ಯಾರಿಗೆ ಹೆಚ್ಚು ತೊಂದರೆ ಕೊಡಬಹುದೆಂದು ಮೊದಲೇ ಅಂದಾಜಿಸುವ ಕ್ರಮವನ್ನು ಅವರ ತಂಡ 2011ರಲ್ಲಿ ರೂಪಿಸಿತು. ಕಳೆದ ಆರು ತಿಂಗಳಲ್ಲಿ ಬಿದ್ದಿದ್ದೀರಾ, ಕಿವಿ ಸರಿಯಾಗಿ ಕೇಳುತ್ತದೆಯೇ, ಮಾತ್ರೆ ತೆಗೆದುಕೊಳ್ಳಲು ಸಹಾಯ ಬೇಕೇ ಎಂಬ ಸಾಮಾನ್ಯ ಪ್ರಶ್ನೆಗಳು ಅದರಲ್ಲಿವೆ. ಕ್ಯಾನ್ಸರ್ ವೈದ್ಯರು ರೂಢಿಯಂತೆ ನೋಡಿದೊಡನೆ ಹಾಕುವ ಸಾಮರ್ಥ್ಯದ ಅಂಕ ಈ ತೊಂದರೆಯನ್ನು ಮುಂಗಾಣಲಿಲ್ಲ. ಈ ಪ್ರಶ್ನೆಗಳು ಮುಂಗಂಡವು. ಹುರಿಯಾ 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರು ಕಟ್ಟಿದ ಸಂಶೋಧನಾ ತಂಡ ಕೆಲಸ ಮುಂದುವರಿಸಿದೆ.

2021ರಲ್ಲಿ ರಾಚೆಸ್ಟರಿನ ಡಾ. ಸುಪ್ರಿಯಾ ಮೊಹಿಲೆ ಮತ್ತು ಸಂಗಡಿಗರ ಪ್ರಯೋಗ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅಮೆರಿಕದ 40 ಚಿಕಿತ್ಸಾ ಕೇಂದ್ರಗಳಲ್ಲಿ, ವಾಸಿಯಾಗದ ಹಂತದ ಕ್ಯಾನ್ಸರ್ ಇದ್ದ 70 ದಾಟಿದ 718 ಜನ. ಅರ್ಧದಷ್ಟು ಕೇಂದ್ರಗಳಲ್ಲಿ ವೃದ್ಧಾಪ್ಯ ಪರೀಕ್ಷೆಯ ಸಾರಾಂಶವನ್ನೂ ಸಲಹೆಗಳನ್ನೂ ವೈದ್ಯರ ಕೈಗೆ ಕೊಟ್ಟರು. ಅಲ್ಲಿ ತೀವ್ರ ಅಡ್ಡಪರಿಣಾಮ ಕಂಡದ್ದು ಶೇ. 51 ರೋಗಿಗಳಲ್ಲಿ, ಉಳಿದ ಕೇಂದ್ರಗಳಲ್ಲಿ ಶೇ. 71ರಲ್ಲಿ. ಬಿದ್ದು ಪೆಟ್ಟು ಮಾಡಿಕೊಳ್ಳುವುದೂ ಕಡಿಮೆಯಾಯಿತು. ಬದುಕುಳಿದ ಅವಧಿಯಲ್ಲಿ ಕೊರತೆಯಾಗಲಿಲ್ಲ. ಕೀಮೋ ಪಡೆಯಲಿರುವ 65 ದಾಟಿದ ರೋಗಿಗಳಿಗೆ ಈ ಪರೀಕ್ಷೆ ಮಾಡಬೇಕೆಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2018ರಿಂದಲೇ ಶಿಫಾರಸು ಮಾಡುತ್ತ ಬಂದಿದೆ.

ಭಾರತ ಮತ್ತು ಕರ್ನಾಟಕ

2011ರ ಜನಗಣತಿಯಲ್ಲಿ ಭಾರತದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು ಇದ್ದರು. ಈಗ ವರ್ಷಕ್ಕೆ 14 ಲಕ್ಷಕ್ಕೂ ಹೆಚ್ಚು ಹೊಸ ಕ್ಯಾನ್ಸರ್ ಪ್ರಕರಣಗಳು ಬರುತ್ತವೆಂಬ ಅಂದಾಜಿದೆ. ಈ ಲೆಕ್ಕ ಸಾಧ್ಯವಾದದ್ದರಲ್ಲಿ ಕರ್ನಾಟಕದ ಪಾಲು ಹಿರಿದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1981ರ ಕೊನೆಗೆ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಆರಂಭಿಸಿದಾಗ, ಜನಸಂಖ್ಯೆಯನ್ನು ಆಧರಿಸಿದ ಮೊದಲ ಮೂರು ನೋಂದಣಿಗಳಲ್ಲಿ ಬೆಂಗಳೂರಿನದು ಒಂದು. ಉಳಿದೆರಡು ಮುಂಬೈ ಮತ್ತು ಚೆನ್ನೈಯವು. ಬೆಂಗಳೂರಿನ ನೋಂದಣಿಯನ್ನು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ನಡೆಸುತ್ತಿದೆ.

ಹಿರಿಯ ಕ್ಯಾನ್ಸರ್ ರೋಗಿಗಳಿಗೆ ಪ್ರತ್ಯೇಕ ಗಮನ ಕೊಡುವ ಕೆಲಸ ನಮ್ಮಲ್ಲಿ ಇತ್ತೀಚಿನದು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 60 ದಾಟಿದವರಿಗಾಗಿ 2018ರಲ್ಲಿ ವಿಶೇಷ ಕ್ಲಿನಿಕ್ ಶುರುವಾಯಿತು. ಡಾ. ವನಿತಾ ನೊರೊನ್ಹಾ ಮತ್ತು ಅವರ ತಂಡ ಅಲ್ಲಿ ಸಮಗ್ರ ಪರೀಕ್ಷೆಯನ್ನು ಭಾರತೀಯ ರೋಗಿಗಳಿಗೆ ಹೊಂದಿಸಿ ಬಳಸುತ್ತಿದೆ.

ನಮ್ಮಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ: ಮನೆ. ಪಶ್ಚಿಮದ ಅಧ್ಯಯನಗಳು ರೋಗಿ ಮತ್ತು ವೈದ್ಯ ಎಂಬ ಇಬ್ಬರನ್ನು ನೋಡುತ್ತವೆ. ಇಲ್ಲಿ ಅವರಿಬ್ಬರ ನಡುವೆ ಮಗ, ಸೊಸೆ, ಮಗಳು, ಅಳಿಯ ಇರುತ್ತಾರೆ. ‘ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ತಡ್ಕೊಳಲ್ಲ’ ಎಂಬ ಮಾತನ್ನು ಕೇಳದ ಕ್ಯಾನ್ಸರ್ ವೈದ್ಯರು ಇಲ್ಲ. ಪ್ರೀತಿಯಿಂದ ಹುಟ್ಟಿದ ಮಾತು ಅದು. ಆದರೆ ಅದರ ಫಲವಾಗಿ, ಜೀವಮಾನವಿಡೀ ಮನೆಯ ಎಲ್ಲ ತೀರ್ಮಾನ ತೆಗೆದುಕೊಂಡವರು ತಮ್ಮ ದೇಹದ ಬಗೆಗಿನ ತೀರ್ಮಾನದಿಂದ ಹೊರಗೆ ಉಳಿಯುತ್ತಾರೆ. ಹಳ್ಳಿಗಳ ಕಡೆ ‘ಕರೆಂಟ್ ಕೊಡೋದು’ ಎನ್ನುವ ರೇಡಿಯೇಷನ್ ಹಲವು ವಾರ ಹಿಡಿಯಬಹುದು. ಊರಿನಿಂದ ದೂರದ ಆಸ್ಪತ್ರೆಗೆ ಜೊತೆಗೆ ಬರುವವರು ಕೂಲಿ ಬಿಡಬೇಕು, ಉಳಿಯಲು ಜಾಗ ಹುಡುಕಬೇಕು. ಇದನ್ನೆಲ್ಲ ಕಂಡ ಹಿರಿಯರು ‘ಬೇಡ’ ಎಂದರೆ, ಅದನ್ನು ಬದುಕುವ ಆಸೆ ಇಲ್ಲದ ಮಾತೆಂದು ತಿಳಿಯಬಾರದು. ಮಕ್ಕಳಿಗೆ ಹೊರೆಯಾಗಬಾರದೆಂಬ ಆಸೆಯೇ ಹಾಗೆ ಮಾತಾಡಿಸುತ್ತಿರಬಹುದು.

ಹಣದ ಈ ಭಾರವನ್ನು ಇಳಿಸುವ ದಿಕ್ಕಿನಲ್ಲಿ ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಭಾರತ್ ವಿಮೆಯನ್ನು, ಆದಾಯದ ಮಿತಿಯಿಲ್ಲದೆ, 70 ದಾಟಿದ ಎಲ್ಲರಿಗೂ ವಿಸ್ತರಿಸುವ ಯೋಜನೆಗೆ ಚಾಲನೆ ಕೊಟ್ಟಿತು. ಎಪ್ಪತ್ತರ ನಂತರದ ಚಿಕಿತ್ಸೆಗೂ ಖರ್ಚು ಮಾಡುವುದು ಯೋಗ್ಯ ಎಂಬ ಸಾರ್ವಜನಿಕ ಘೋಷಣೆ ಅದರಲ್ಲಿದೆ.

ಮಿತಿಗಳು ಮತ್ತು ಎಚ್ಚರಿಕೆ

ಈ ಕ್ಷೇತ್ರದ ಹೆಚ್ಚಿನ ಅಧ್ಯಯನಗಳು ಎರಡು ಸಂಗತಿಗಳು ಜೊತೆಜೊತೆಗೆ ಕಾಣುತ್ತವೆ ಎನ್ನುತ್ತವೆ. ನೋಟ ಕೆಟ್ಟದ್ದರಿಂದ ಆರೋಗ್ಯ ಕುಸಿಯಿತೋ, ಆರೋಗ್ಯ ಕುಸಿದದ್ದರಿಂದ ನೋಟ ಕೆಟ್ಟಿತೋ ಎಂದು ಬಿಡಿಸುವುದು ಕಷ್ಟ. ಕ್ಯಾನ್ಸರ್ ಮತ್ತು ಅದರ ಚಿಕಿತ್ಸೆ ತರುವ ಸುಸ್ತು ಯಾರನ್ನೇ ಆದರೂ ಕುಗ್ಗಿಸಬಲ್ಲದು.

ಹಾಗಾಗಿ ‘ಧೈರ್ಯವಾಗಿದ್ದರೆ ಕ್ಯಾನ್ಸರ್ ಗೆಲ್ಲಬಹುದು’ ಎಂಬ ಉಪದೇಶಕ್ಕೆ ಈ ಸಂಶೋಧನೆಯನ್ನು ಬಳಸುವುದು ತಪ್ಪು. ಅಮೆರಿಕದ ಜೇಮ್ಸ್ ಕಾಯ್ನ್ ಮತ್ತು ಸಂಗಡಿಗರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ರೋಗಿಗಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದಂತೆ, ಮನಸ್ಸಿನ ಉಲ್ಲಾಸಕ್ಕೂ ಬದುಕುಳಿದ ಅವಧಿಗೂ ಸಂಬಂಧ ಕಾಣಲಿಲ್ಲ. ಗೆಡ್ಡೆ ಕರಗುವುದು ಔಷಧದಿಂದ, ಶಸ್ತ್ರಚಿಕಿತ್ಸೆಯಿಂದ, ವಿಕಿರಣದಿಂದ. ಅವು ಹಿರಿಯರನ್ನು ಸಕಾಲಕ್ಕೆ, ಸರಿಯಾದ ಪ್ರಮಾಣದಲ್ಲಿ ತಲುಪುವಂತೆ ಮಾಡುವುದೋ ತಲುಪದಂತೆ ತಡೆಯುವುದೋ ಮುಪ್ಪಿನ ಬಗೆಗಿನ ನೋಟದ ಕೆಲಸ. ಚಿಕಿತ್ಸೆ ಫಲಿಸದವರು ಸಾಕಷ್ಟು ಧೈರ್ಯ ತೋರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಎಲ್ಲ ತಿಳಿದು, ಯೋಚಿಸಿ, ಚಿಕಿತ್ಸೆ ಬೇಡವೆಂದು ನಿರ್ಧರಿಸುವ ಹಿರಿಯರ ಹಕ್ಕಿಗೂ ಅಷ್ಟೇ ಗೌರವ ಸಲ್ಲಬೇಕು. ಅವರಿಗೆ ನೋವು ಶಮನದ ಆರೈಕೆ ಪೂರ್ತಿಯಾಗಿ ಸಿಗಬೇಕು.

ಬದಲಾವಣೆಯ ದಾರಿ

ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಚಿನಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ ಜಗತ್ತಿನ ಇಬ್ಬರಲ್ಲಿ ಒಬ್ಬರು ಹಿರಿಯರ ಬಗ್ಗೆ ವಯೋಭೇದದ ಧೋರಣೆ ಹೊಂದಿದ್ದಾರೆ. ಕಾನೂನು ಮತ್ತು ನೀತಿ, ಶಿಕ್ಷಣ, ತಲೆಮಾರುಗಳ ಒಡನಾಟ ಎಂಬ ಮೂರು ಉಪಾಯಗಳನ್ನು ಅದು ಸೂಚಿಸಿತು. ನೋಟ ಬದಲಾಗಬಲ್ಲದು ಎಂಬುದಕ್ಕೂ ಆಧಾರವಿದೆ. ಲೆವಿ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾರಕ್ಕೊಮ್ಮೆ ಮುಪ್ಪಿನ ಬಗ್ಗೆ ಒಳ್ಳೆಯ ಪದಗಳನ್ನು ಅರಿವಿಗೆ ಬಾರದಂತೆ ಕಂಡ ಹಿರಿಯರ ಮನೋಭಾವದ ಜೊತೆಗೆ ದೈಹಿಕ ಚಟುವಟಿಕೆಯ ಸಾಮರ್ಥ್ಯವೂ ಸುಧಾರಿಸಿತ್ತು.

ಮನೆಯ ಹಿರಿಯರನ್ನು ಕ್ಯಾನ್ಸರ್ ಆಸ್ಪತ್ರೆಗೆ ಕರೆದೊಯ್ಯುವವರು ಇಂದೇ ಮಾಡಬಹುದಾದ ಕೆಲಸಗಳಿವೆ. ಕಳೆದ ಆರು ತಿಂಗಳಲ್ಲಿ ಅವರು ಎಷ್ಟು ಸಲ ಬಿದ್ದರು, ತೂಕ ಎಷ್ಟು ಇಳಿಯಿತು, ದಿನಕ್ಕೆ ಯಾವ ಯಾವ ಮಾತ್ರೆ ನುಂಗುತ್ತಾರೆ, ಯಾರ ಸಹಾಯವಿಲ್ಲದೆ ಏನೇನು ಮಾಡಿಕೊಳ್ಳುತ್ತಾರೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರಿಗೆ ಕೊಡಿ. ವೈದ್ಯರು ನಿಮ್ಮ ಮುಖ ನೋಡಿ ಮಾತಾಡಿದರೆ, ದಯವಿಟ್ಟು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಅಪ್ಪ ಅಥವಾ ಅಮ್ಮನನ್ನು ಮುಂದೆ ಕೂರಿಸಿ. ಅವರಿಗೆ ಏನು ಬೇಕೆಂದು ಅವರನ್ನೇ ಕೇಳಲಿ.